ಅರ್ಕಾವತ್ತು

ಲಿಪಿಕಾರ ಅಭ್ಯರ್ಥಿಗಿಂತ ಕಡಿಮೆ ಓದಿರಬೇಕು
ಎಂಬುದು ನಿಯಮ.
ಆ ಒಂದು ಅರ್ಹತೆ ನನ್ನಲ್ಲಿ ಧಾರಾಳವಾಗಿತ್ತು.
ದ್ವಿತೀಯ ಪಿಯುಸಿ, ಕನ್ನಡದಲ್ಲಿ ಮೂವತ್ತಾರು,
ಉಕ್ತಲೇಖನವೆಂದರೆ ಹೊಟ್ಟೆನೋವು.
ಇದನ್ನು ಮಾತ್ರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಬರಬೇಕಿದ್ದ ಹುಡುಗಿಗೆ ಜ್ವರ;
ಗೇಟಿನ ಬಳಿ ಸಿಕ್ಕವನು ನಾನು.

ಗುರುಬಸಮ್ಮ, ಎಂ.ಎ. ಇತಿಹಾಸ, ಊರು ಜೇವರ್ಗಿ ಕಡೆ.
ನಮಗೆ ಕೊಟ್ಟ ಕೋಣೆ ಆಟದ ಸಾಮಾನಿನದು:
ಗಾಳಿ ಹೋದ ವಾಲಿಬಾಲು, ಹರಿದ ನೆಟ್ಟು,
ಕಿಟಕಿಯಾಚೆ ಅರಮನೆ ರಸ್ತೆಯ ಹಾರ್ನು.
ಆಕೆ ಮೇಜನ್ನು ಅಂಗೈಯಿಂದ ಒಮ್ಮೆ ಸವರಿ
ಅಂಚೆಲ್ಲಿ, ನಾನೆಲ್ಲಿ ಎಂದು ಅಳೆದುಕೊಂಡು
"ಬರಕೋ ತಮ್ಮಾ" ಅಂದಳು.

ಮಾತು ಸೇರಿನಲ್ಲಿ ಅಳೆದ ಜೋಳದ ಹಾಗೆ ಬಂತು,
ಒಂದು ಕಾಳೂ ಚೆಲ್ಲದೆ.
ಚೆಲ್ಲಿದವನು ನಾನು.
ವರ್ತಕ ಎಂದಲ್ಲಿ ವ್ಯಾಪಾರಿ ಎಂದು ಗೀಚಿ ಪಾರಾದೆ.
ಸುಂಕ ದಾಟಿತು, ಬಂದರು ದಾಟಿತು,
ಚಕ್ರವರ್ತಿ ಬಂದ. ಪೆನ್ನು ನಿಂತಿತು.

ಒಂದೇ ಪದದಲ್ಲಿ ಎರಡು ರ.
ಒಂದು ಕಕಾರದ ಕಾಲಡಿ ಕೂತಿದೆ, ಸರಿ.
ಇನ್ನೊಂದು ಬಾಯಲ್ಲಿ ಮೊದಲು, ಹಾಳೆಯಲ್ಲಿ ಆಮೇಲೆ;
ಕನ್ನಡದ ಒಂಬತ್ತಿನ ಹಾಗೆ ಬೆನ್ನು ಬಾಗಿಸಿ
ಮುಂದಿನವರ ಹಿಂದೆ ಹೋಗಿ ನಿಲ್ಲುವ ಹುಡುಗ.
ಮೂರನೇ ಕ್ಲಾಸಿನಿಂದ ನನಗವನು ಸಿಕ್ಕೇ ಇಲ್ಲ.
ಸ್ಕೇಲು ಮಾತ್ರ ಗೆಣ್ಣಿನ ಮೇಲೆ
ಸರಿಯಾದ ಜಾಗದಲ್ಲೇ ಬೀಳುತ್ತಿತ್ತು.

"ಯಾಕ ನಿಂತಿತು ಪೆನ್ನು?"
"ಇಂಕು..."
"ಇಂಕ್ ಮುಗದ್ರ ಪೆನ್ನು ಕೆರೀತದ. ಇದು ನಿಂತದ."

ಹೇಳಿಬಿಟ್ಟೆ, ಆಕೆಯ ನಿಮಿಷಗಳಲ್ಲಿ.
ಆಕೆ ಬೆರಳಿನಿಂದ ಮೇಜಿಗೆ ಏನೋ ಚುಚ್ಚುತ್ತ,

"ನಮ್ಮ ಚುಕ್ಕಿ ಲಿಪ್ಯಾಗ ಅರ್ಕಾವತ್ತೇ ಇಲ್ಲೋ.
ಹೆಂಗ ಅಂತೀವೋ ಹಂಗ ಬರೀತೀವಿ.
ರ ಮೊದಲಂದ್ರ ಮೊದಲ.
ವತ್ತಕ್ಷರ ಅಂತ ಯಾರೂ ಕೆಳಗ ಕೂಡೂದಿಲ್ಲ,
ಎಲ್ಲಾರೂ ಒಂದೇ ಸಾಲಿನ್ಯಾಗ, ಮಗ್ಗಲಾಗ.
ನೀ ರ ಬರದು, ಅದರ ಬುಡಕ್ಕ ತ ಹಚ್ಚು.
ಓದಾವ್ರು ಓದ್ಕೋತಾರ. ಮುಂದ..."

ಒಂದಕ್ಕೆ ಬೆಲ್ಲು. ಕಾರಿಡಾರಿನ ತುಂಬ ಹುಡುಗರು,
ಆಮೇಲೆ ಯಾರೂ ಇಲ್ಲ.
ಗಂಟೆಗೆ ಇಪ್ಪತ್ತು ನಿಮಿಷದ ಲೆಕ್ಕದಲ್ಲಿ
ನಮಗಿನ್ನೂ ಒಂದು ಗಂಟೆಯಿತ್ತು, ಆದೇಶದಲ್ಲಿ.
ಬಾಗಿಲಲ್ಲಿ ಮುನಿಯಲ್ಲಪ್ಪನವರ ಬೀಗದ ಕೈ ಗೊಂಚಲು.
"ಆಯ್ತೇನಮ್ಮಾ? ಎಲ್ಲಾ ಹೋದ್ರು. ಊಟಕ್ಕೋಗ್ಬೇಕು ನಾನು."
ಫ್ಯಾನು ಆರಿತು.

ಗಡಿಯಾರದ ಗಾಜು ತೆರೆದು ಮುಳ್ಳು ಮುಟ್ಟಿ ಆಕೆ,
"ಇನ್ನಾ ಐವತ್ತೆರಡು ನಿಮಿಷ ಅದ ಸಾಹೇಬ್ರ.
ನಿಮ್ಮ ಊಟ ನಾ ತಿನ್ನೂದಿಲ್ಲ,
ನನ್ನ ತಾಸು ನೀವು ತಿನಬ್ಯಾಡ್ರಿ."
ಗೊಂಚಲು ಸುಮ್ಮನಾಯಿತು.
ಫ್ಯಾನು ತಿರುಗಿತು. ಹೊರಗೆ
ಸ್ಟೂಲು ಎಳೆದುಕೊಂಡ ಸದ್ದು.

ಕೆ.ಆರ್. ಸರ್ಕಲ್ಲಿನವರೆಗೆ ನನ್ನ ಮೊಣಕೈ ಹಿಡಿದು ಬಂದಳು.
ದಾರಿ ಹೇಳಿದ್ದು ಆಕೆಯೇ:
"ಮುಂದ ಚಪ್ಪಡಿ ಹೋಗೇದ, ಎಡಕ್ಕ ಬಾ."
ಬಸ್ಸು ಬಂತು, ಹತ್ತಿದಳು.
ಎಷ್ಟು ಅಂಕ ಬಂತೋ, ಚಕ್ರವರ್ತಿಯ ಕೆಳಗೆ
ಕೆಂಪು ಗೆರೆ ಬಿತ್ತೋ, ಗೊತ್ತಿಲ್ಲ.
ಫೋನ್ ನಂಬರು ಕೇಳಲೂ ಹೊಳೆಯಲಿಲ್ಲ ನನಗೆ.

ಈಗ ನಾನೂ ಡಿಗ್ರಿ, ಮೊದಲ ಸೆಮಿಸ್ಟರು.
ಹೆಚ್ಚುವರಿ ಸಮಯಕ್ಕೆ ಫಾರಂ ಅಂತ ಇಲ್ಲವಂತೆ.
ಬಿಳಿ ಹಾಳೆಯಲ್ಲಿ, ಸ್ವಂತ ಅಕ್ಷರದಲ್ಲಿ,
ತಪ್ಪಿಲ್ಲದೆ ಬರೆದುಕೊಡಬೇಕಂತೆ
ಬರೆಯಲು ಕಷ್ಟ ಎಂಬುದನ್ನು.

ಮೊದಲ ಪದ: ಅರ್ಜಿ.
ನಗು ಬಂತು. ಹಿಂದಿನವನು ತಳ್ಳಿದ.
ಅ ಬರೆದೆ. ರ ಬರೆದೆ, ಬಾಯಿ ಹೇಳಿದ ಜಾಗದಲ್ಲೇ.
ಅದಕ್ಕೊಂದು ಗುಡಿಸು ಕೊಟ್ಟು
ಬುಡಕ್ಕೆ ಜ ಹಚ್ಚುವಾಗ
ಕಿಟಕಿಯೊಳಗಿನ ಗುಮಾಸ್ತೆ
ಗಡಿಯಾರ ನೋಡಿದಳು.