ಉಸಿರು ಇರಲಿ

ಒಂದು ಸಾವಿರದ ನೂರ ನಲವತ್ತು ಮಾತು.
ಕತ್ತರಿಸಿದವನು ನಾನೇ.

ತಾಂಪೆರೆ ಊರಿನ ಹಳೆಯ ಬಟ್ಟೆಗಿರಣಿ, ನಾಲ್ಕನೇ ಮಹಡಿ.
ಕೆಳಗೆ ಅಣೆಕಟ್ಟಿನ ನೀರು ಇಡೀ ದಿನ ತಾನೊಂದೇ ಮಾತಾಡುತ್ತಿತ್ತು.
ಮೇಲೆ ನಾವು ಆರು ಜನ
ತುಟಿ ಪಿಟಕ್ಕೆನ್ನದೆ ಒಂದು ಆಟ ಕಟ್ಟುತ್ತಿದ್ದೆವು.

ನಾಯಕಿಗೆ ದನಿಯಾಗಲು ಬಂದವಳು ಹಿಲ್ಲೆವಿ ಕೂಸೆಲಾ.
ಮೂವತ್ತು ವರ್ಷ ರೇಡಿಯೋ ನಾಟಕದಲ್ಲಿ ಪಳಗಿದ ಗಂಟಲು.
ಉಣ್ಣೆಯ ಕಾಲುಚೀಲದಲ್ಲಿ ನಿಂತು
(ಬೂಟಿನ ಸದ್ದು ಮೈಕಿಗೆ ಬೀಳಬಾರದಲ್ಲ)
ಮೂರು ವಾರ, ಬಿಸಿನೀರು, ಜೇನು,
ಒಂದೇ ಸಾಲು ಹನ್ನೊಂದು ಬಗೆಯಲ್ಲಿ:
"ನಾನು ಯಾರ ಮಗಳೂ ಅಲ್ಲ. ದೋಣಿ ಬಿಡು."
ಏಳನೆಯ ಸಲ, "ಮಗಳೂ" ಎಂಬಲ್ಲಿ
ದನಿ ಕೂದಲೆಳೆಯಷ್ಟು ಸೀಳಿತು.
ಅದಕ್ಕೆ ಗುರುತು ಹಾಕಿಕೊಂಡೆ, ಹಸಿರು ಚುಕ್ಕಿ.

ಆಮೇಲೆ ಆಡಿಸಿ ನೋಡಲು ಹನ್ನೆರಡು ಮಂದಿಯನ್ನು ಕರೆಸಿದೆವು.
ನಾಯಕಿ ಬಾಯಿ ತೆರೆದಾಗೆಲ್ಲ
ಅವರ ಬೆರಳುಗಳು ಗುಂಡಿಗಳನ್ನು ಬಿಟ್ಟು
ಚಿಪ್ಸಿನ ಬಟ್ಟಲಿಗೆ ಹೋಗುತ್ತಿದ್ದವು.
ಕತೆ ಬರೆದ ಯಾಲ್ಮರಿ ಗೋಡೆಗೊರಗಿ ಹೇಳಿದ:
"ಮಾತಾಡುವ ನಾಯಕಿ ನಮ್ಮನ್ನು ಪಕ್ಕದಲ್ಲಿ ಕೂರಿಸುತ್ತಾಳೆ.
ಮಾತಾಡದವಳು ತನ್ನ ಕುರ್ಚಿಯನ್ನೇ ಬಿಟ್ಟುಕೊಡುತ್ತಾಳೆ.
ತೆಗೆದುಬಿಡು, ಎಲ್ಲ."
ಎಲ್ಲ ಅಂದರೆ?
"ಉಸಿರು ಇರಲಿ."

ತೆಗೆದೆ. ಎರಡನೇ ಸಲ ಆಡಿಸಿದಾಗ
ಒಬ್ಬ ವೆಲ್ಡರ್ ದೋಣಿಯವನಿಗೆ ಬಾಯಿತುಂಬ ಬೈದ.
ಒಬ್ಬಳು ಏನೂ ಅನ್ನಲಿಲ್ಲ, ಪರದೆಯ ಹತ್ತಿರ ಸರಿದು ಕೂತಳು.
ಉಳಿದ ಹತ್ತು ಮಂದಿಯ ಕೈ ಮತ್ತೆ ಚಿಪ್ಸಿಗೇ.

ಮಾತು ಬೆಳ್ಳಿ, ಮೌನ ಬಂಗಾರ;
ಕೂಲಿ ಚೀಟಿಯಲ್ಲಿ ಹಾಗಿರುವುದಿಲ್ಲ.
ಹಿಲ್ಲೆವಿಗೆ ಬೆಳ್ಳಿಯ ದುಡ್ಡು ಸಂದಾಯವಾಯಿತು,
ಬಂಗಾರಕ್ಕೆ ನಮ್ಮಲ್ಲಿ ದರವೇ ಇರಲಿಲ್ಲ.
ಫೋನಿನಲ್ಲಿ ತಿಳಿಸಿದಾಗ ಕೇಳಿದ್ದು ಇಷ್ಟೇ:
"ಬಿಟ್ಟುಕೊಟ್ಟ ಕುರ್ಚಿಗೆ ಯಾರೂ ಬಂದು ಕೂರದಿದ್ದರೆ?"
ನಾನು ಕಿಟಕಿಯ ಬಳಿ, ನೀರಿನ ಸದ್ದಿಗೆ ಕಿವಿಗೊಟ್ಟವನಂತೆ.

ಉಳಿದದ್ದು ಒಂಬತ್ತು ಸದ್ದು.
ಜಿಗಿತದ ಹಂ, ಬಿದ್ದಾಗಿನ ಹಾ,
ತಣ್ಣೀರಿಗೆ ಇಳಿಯುವಾಗ ಹಲ್ಲು ಕಚ್ಚಿ ಎಳೆದದ್ದು,
ಗುಡ್ಡದ ತುದಿಯ ಏದುಸಿರು,
ಇನ್ನು ನಾಲ್ಕು ಅಂಥವೇ.
ಕೊನೆಯದು ನಟನೆಯಲ್ಲ.
ಎರಡು ಟೇಕುಗಳ ನಡುವೆ, ಮೈಕು ಮುಚ್ಚಿದೆ ಅಂದುಕೊಂಡು
ಅವಳು ಬಿಟ್ಟ ಒಂದು ನಿಟ್ಟುಸಿರು.
ನಾಯಕಿ ಸಾಯುವ ಜಾಗಕ್ಕೆ ಅದನ್ನು ಇಟ್ಟೆ.
ಅವಳನ್ನು ಕೇಳಲಿಲ್ಲ.

ಹೆಪ್ಪುಗಟ್ಟಿದ ಸರೋವರದ ಮೇಲೆ ಜನ ಇನ್ನೂ
ನಾಯಿ ಅಡ್ಡಾಡಿಸುತ್ತಿದ್ದ ಮಾರ್ಚಿಯಲ್ಲಿ
ಕಾಫಿಗೆ ಕರೆದಳು. ಲಿಫ್ಟಿಲ್ಲದ ಮನೆ. ಏಲಕ್ಕಿಯ ಬನ್ನು.
ಸೋಫಾದಲ್ಲಿ ತಂಗಿಯ ಮಗಳು ಪಿಹ್ಲಾ, ಒಂಬತ್ತು ವರ್ಷ,
ಆಡುತ್ತಿದ್ದದ್ದು ನಮ್ಮದೇ ಆಟ.
ದೋಣಿಯವನು ಕೇಳಿದ: "ಯಾರ ಮಗಳಮ್ಮ ನೀನು?"
ನಾಯಕಿ ಸುಮ್ಮನೆ ನಿಂತಳು,
ನಾವು ಅಳೆದು ಇಟ್ಟ ನಾಲ್ಕು ಸೆಕೆಂಡು.
ಪಿಹ್ಲಾ ಬನ್ನು ಅಗಿಯುತ್ತಲೇ ಅಂದಳು:
"ಅಮ್ಮನ ಮಗಳು. ಬುಧವಾರ, ಶನಿವಾರ ಅಪ್ಪನ ಮಗಳು.
ನಿನಗ್ಯಾಕೆ? ಹತ್ತಿಸಿಕೋ."
ದೋಣಿ ಹೊರಟಿತು.
ಅದು ಹೇಗಿದ್ದರೂ ಹೊರಡುತ್ತಿತ್ತು,
ಅವಳಿಗೆ ಹಾಗೆ ಅನ್ನಿಸಿರಲಾರದು.

ಹಿಲ್ಲೆವಿಯ ತುಟಿ ಅಲುಗಿದ್ದನ್ನು ಕಂಡೆ, ದನಿಯಿಲ್ಲದೆ,
ಹಳೆಯ ಸಾಲಿಗೆ.
ಏಳನೆಯ ಬಗೆಯೇ ಇರಬೇಕು.

ಆಚೆ ದಡದ ಸೇತುವೆ ಮುರಿಯಿತು. ನಾಯಕಿ ನೀರಿಗೆ ಬಿದ್ದಳು.
ನಿಟ್ಟುಸಿರು.
ಪಿಹ್ಲಾ ತಿರುಗಿದಳು: "ದೊಡ್ಡಮ್ಮ, ಇದು ನೀನು.
ಮೆಟ್ಟಿಲು ಹತ್ತಿ ಬಂದು ಬೀಗದ ಕೈ ಹುಡುಕುವಾಗ
ಹೀಗೇ ಮಾಡ್ತೀಯ."

ಹಿಲ್ಲೆವಿ ನನ್ನ ಕಡೆ ನೋಡಿದಳು.
ನಾಲ್ಕು ಸೆಕೆಂಡು.
ನನ್ನ ಬದಲು ಮಾತಾಡಲು ಯಾರೂ ಇರಲಿಲ್ಲ.

ಪಿಹ್ಲಾ ಮತ್ತೆ ಗುಂಡಿ ಒತ್ತಿದಳು.
ದೋಣಿಯವನು ಮತ್ತೆ ಕೇಳಿದ.