ಆರು ಶನಿವಾರ

ರಾತ್ರಿ ಎರಡಕ್ಕೆ ಹಾಸಿಗೆಯ ಎಡಪಕ್ಕ ತಣ್ಣಗಿದ್ದರೆ
ಆಲೊಯ್ಸ್ ಪಾಳಿಗೆ ಇಳಿದಿದ್ದಾನೆಂದು ಲೆಕ್ಕ.
ಗಣಿ ಮುಚ್ಚಿ ಹನ್ನೊಂದು ವರ್ಷ.
ಈಗ ಇಳಿಯುವುದು ನಡುಮನೆಗೆ,
ಕಾತೊವಿತ್ಸೆಯ ಒಂಬತ್ತನೆಯ ಮಹಡಿಯಲ್ಲಿ
ನಾನೂರು ಲೀಟರ್ ಉಪ್ಪುನೀರಿನ ಮುಂದಕ್ಕೆ.
ಹಣೆಗೆ ಅದೇ ಹಳೆಯ ದೀಪ,
ಅದರ ಗಾಜಿಗೆ ಕೆಂಪು ಹಾಳೆ.
ಕೆಂಪು ಬೆಳಕು ಹುಳುಗಳಿಗೆ ಕಾಣುವುದಿಲ್ಲವಂತೆ.
ನನಗೆ ಕಾಣುತ್ತದೆ, ಬಾಗಿಲ ಸಂದಿಯಿಂದ:
ಪಟ್ಟೆ ಪೈಜಾಮದ ಮುದುಕ, ಮೊಣಕಾಲೂರಿ,
ಬಿಗಿಹಿಡಿದಷ್ಟೂ ಸಿಳ್ಳೆ ಹಾಕುವ ಉಸಿರು.

ಅವನಪ್ಪ ಪಾರಿವಾಳ ಸಾಕಿದ್ದ.
ನಮ್ಮ ಬೀದಿಯ ಗಂಡಸರೆಲ್ಲ ಸಾಕಿದ್ದರು;
ಹಗಲೆಲ್ಲ ನೆಲದಡಿ ಇದ್ದವರಿಗೆ
ಕತ್ತೆತ್ತಲು ಒಂದು ನೆಪ ಬೇಕಲ್ಲ.
ಇವನೊಬ್ಬ ಸಮುದ್ರ ತಂದ,
ಚೀಲದಲ್ಲಿ ಉಪ್ಪು, ಬಕೆಟ್ಟಿನಲ್ಲಿ ನೀರು,
ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಮೆಟ್ಟಿಲಿಗೆ ಕೂತು.

ಮೊದಲು ಬಂದದ್ದು ಕಳೆ.
ಸೊಸ್ನೊವಿಯೆತ್ಸ್‌ನವನೊಬ್ಬ ಅಗ್ಗಕ್ಕೆ ಕೊಟ್ಟ ಕಲ್ಲು,
(ಆ ಊರಿಂದ ಬಂದದ್ದು ಎಂದು ಒಳ್ಳೆಯದಾಗಿದೆ?)
ಅದರ ಬೆನ್ನಿಗೆ ಕಂದು ಬಣ್ಣದ ಪುಟ್ಟ ಕುಂಚ.
ಹೂವೆಂದೆ ನಾನು.
ಅವನು ಚಿಮಟ ಹಾಕಿ ಕಿತ್ತ.
ಕಿತ್ತದ್ದೇ ತಪ್ಪಾಯಿತು: ಉಳಿದ ಒಂದೊಂದು ಚೂರೂ
ಒಂದೊಂದು ಸಂಸಾರ ಹೂಡಿತು,
ಭಾನುವಾರಕ್ಕೆ ಹದಿನಾಲ್ಕು.
ಆಮೇಲೆ ಕೆಳಮನೆಯ ಹೀಲ್ಡಾಳಿಂದ
ಸಕ್ಕರೆ ಕಾಯಿಲೆಯ ಸೂಜಿ ಬೇಡಿ ತಂದು
ಸುಣ್ಣ ಕಲಸಿ ಚುಚ್ಚಿದ,
ಬಾಯಿಗೇ, ಅದು ಬಾಯಿ ಮುಚ್ಚುವ ಮೊದಲು.

ಕಳೆಯಾದರೂ ಕಣ್ಣಿಗೆ ಬೀಳುತ್ತದೆ.
ಚಪ್ಪಟೆ ಹುಳು ಹಾಗಲ್ಲ.
ಯಾವ ಕೊಂಬೆಯ ಹವಳ ತಿನ್ನುತ್ತದೋ
ಆ ಕೊಂಬೆಯ ಬಣ್ಣವನ್ನೇ ಹೊದ್ದಿರುತ್ತದೆ.
ತಿಂದವರು ಕಾಣರು, ತಿಂದದ್ದು ಕಾಣುತ್ತದೆ:
ನೇರಳೆಯ ಮೇಲೆ ಬಿಳಿ ಚುಕ್ಕೆ,
ಸಾಲಾಗಿ, ಯಾರೋ ಊರು ಬಿಟ್ಟ ಹೆಜ್ಜೆಯ ಹಾಗೆ.

ಅಯೋಡಿನ್ ಬೆರೆಸಿದ ಬಕೆಟ್ಟಿನಲ್ಲಿ ಅದ್ದಿ
ಪಿಚಕಾರಿಯಿಂದ ನೀರು ಚಿಮ್ಮಿಸುತ್ತಾನೆ.
ಬಾತುಕೋಳಿ ಬೇಯುವಾಗ ಮೇಲೆ ರಸ ಹನಿಸಲು
ನಾನು ಇಟ್ಟುಕೊಂಡ ಪಿಚಕಾರಿ.
ಹುಳುಗಳು ಉದುರುತ್ತವೆ, ಈರುಳ್ಳಿಯ ತೆಳು ಪೊರೆಯಂತೆ.
ಮೊಟ್ಟೆಗಳು ಉದುರುವುದಿಲ್ಲ.
ಅವಕ್ಕೆ ಯಾವ ಮದ್ದೂ ನಾಟುವುದಿಲ್ಲ.
ಕೊಂಬೆಯ ಬುಡದಲ್ಲಿ ಎಳ್ಳಿಗಿಂತ ಸಣ್ಣಗೆ ಒತ್ತಿ ಕೂತಿರುತ್ತವೆ,
ಕೆರೆಯಬೇಕು, ನನ್ನ ಹಲ್ಲುಜ್ಜುವ ಬ್ರಷ್ಷಿನಿಂದ,
ತಪ್ಪಿಸಿಕೊಂಡವು ಮರಿಯಾಗುವವರೆಗೆ ಕಾಯಬೇಕು,
ಮತ್ತೆ ಅದ್ದಬೇಕು. ಹೀಗೆ ಆರು ಶನಿವಾರ.

ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ
ಬಿತೊಮಿನ ಡಾಕ್ಟರು ಅವನ ಎದೆಯ ಚಿತ್ರ
ಕಿಟಕಿಗೆ ಹಿಡಿದು ತೋರಿಸಿದರು.
ಕಪ್ಪಿನ ಮೇಲೆ ಬಿಳಿ ಚುಕ್ಕೆ.
ಬೇಡ ಬೇಡವೆಂದರೂ ಆಲೊಯ್ಸ್
ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿ
ತುಂಬ ಹೊತ್ತು ನೋಡಿದ.
"ಇದಕ್ಕೆಷ್ಟು ಶನಿವಾರ?"
ಡಾಕ್ಟರಿಗೆ ಅರ್ಥವಾಗಲಿಲ್ಲ.
ನಾನು ಕೋಟಿನ ಗುಂಡಿ ಹಾಕಿಕೊಂಡೆ,
ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕಿಕೊಂಡೆ.

ಆರನೆಯ ಶನಿವಾರ ಬಕೆಟ್ಟಿನ ತಳದಲ್ಲಿ
ಏನೂ ಇರಲಿಲ್ಲ.
ಹವಳದಲ್ಲೂ ಅರ್ಧ ಇರಲಿಲ್ಲ ಅನ್ನಿ;
ಬದುಕಿದ ತುದಿಗಳನ್ನಷ್ಟೇ ಕತ್ತರಿಸಿ
ಕಲ್ಲಿಗೆ ಅಂಟು ಹಾಕಿ ನಿಲ್ಲಿಸಿದ, ಐದು ಕಡ್ಡಿ.
ಗೆದ್ದವನ ಕೈ ಸುಮ್ಮನಿರುವುದೇ?
ಅಜ್ಜಿಯ ಹವಳದ ಸರ ತಾ ಎಂದ,
ಹಬ್ಬದ ಮೆರವಣಿಗೆಗೆ ನಾನು ಹಾಕುವ ಮೂರೆಳೆಯದ್ದು.
ಒಂದೊಂದೇ ಮಣಿ ದೀಪದಡಿ ಉರುಳಿಸಿ
"ತ್ರೂದ್ಕಾ, ಇಲ್ಲಿ ನೋಡು."
ಸೂಜಿಮೊನೆಯಷ್ಟು ತೂತು. ದಾರದ್ದಲ್ಲ.
ಯಾವುದೋ ಬೆಚ್ಚಗಿನ ಕಡಲಲ್ಲಿ, ಅಜ್ಜಿಯ ಅಜ್ಜಿಗೂ ಮುಂಚೆ,
ಏನೋ ಕೊರೆದು ತಿಂದಿತ್ತು.

"ಹಾಗಾದರೆ ಕೆಟ್ಟದ್ದೇನು?" ನನ್ನ ದನಿ ನಡುಗಿತು.
"ಗಾಜಿನದಾಗಿದ್ದರೆ
ಯಾವುದೂ ತಿನ್ನುತ್ತಿರಲಿಲ್ಲ," ಎಂದು
ಕೆಮ್ಮಿದ, ಕೆಮ್ಮು ನಿಲ್ಲುವವರೆಗೂ
ಮಣಿಯನ್ನು ಬೆರಳ ಸಂದಿಯಲ್ಲೇ ಹಿಡಿದಿದ್ದ.

ಆ ಸಂಜೆ ಸರ ಕೊರಳಲ್ಲೇ ಇತ್ತು
ನಾನು ಆಲೂಗಡ್ಡೆ ಸುಲಿಯುವಾಗ.