ಎಡಗಾಲಿನ ಬಂಗುಡೆ

ಕಾಳಿ ನದಿ ಕಡಲಿಗೆ ಬೀಳುವಲ್ಲಿ, ಕೋಡಿಬಾಗದ ಮರಳಲ್ಲಿ
ಹೆಕ್ಕಿದ್ದು ಇದು: ಹವಾಯಿ ಚಪ್ಪಲಿ, ಒಂದೇ, ಎಡಗಾಲಿಂದು.
ಬಾರು ಎಲ್ಲಿ ಹೋಯಿತೋ.
ಉಪ್ಪು ಒರೆಸಿ, ಬಿಸಿಲಿಗೆ ಒಣಗಿಸಿ
ಕೊಡೆಕಡ್ಡಿಯ ತುದಿ ಬಡಿದು ಮಾಡಿಕೊಂಡ ಉಳಿಯಿಂದ
ಕೆತ್ತುತ್ತ ಕೂತೆ, ಬಂಗುಡೆ.

ಕಣ್ಣು ಕೊರೆಯಬೇಕಾಗಲಿಲ್ಲ.
ಹೆಬ್ಬೆರಳ ಪಕ್ಕ ಬಾರು ಇಳಿಯುವ ತೂತು
ಮೊದಲೇ ಇತ್ತು, ದುಂಡಗೆ.

ಅಂಗನವಾಡಿಯ ಎರಡು ಕಿಟಕಿಗೆ ಪರದೆ.
ಮಾದರಪಾಟು ದೇವಯಾನಿ ಟೀಚರದು, ಬಣ್ಣ ನನ್ನದು,
ದುಡ್ಡು ಆಮೇಲೆ.
ಬೆಂಚಿನ ಮೇಲೆ ಕಂಬಳಿ, ಕಂಬಳಿ ಮೇಲೆ ಬಟ್ಟೆ,
ತಟ್ಟೆಯಲ್ಲಿ ನೀಲಿ ಕುಡಿದ ಸ್ಪಂಜು.
ಅದ್ದು, ಒತ್ತು, ಮುಷ್ಟಿಯಿಂದ ಗುದ್ದು, ಎತ್ತು.
ಅದ್ದು, ಒತ್ತು, ಗುದ್ದು, ಎತ್ತು.
ಎಡಕ್ಕೆ ಕೆತ್ತಿದ್ದು ಬಲಕ್ಕೆ ಈಜುತ್ತದೆ;
ಗೊತ್ತಿದ್ದೂ ಮೊದಲನೆಯದಕ್ಕೆ ಬೆಚ್ಚಿದೆ.

ಕುಪ್ಪಯ್ಯ ಭಾವ, ಮೂವತ್ತು ವರ್ಷ ಬೋಟಿನಲ್ಲಿದ್ದವ,
ಬಾಗಿಲಲ್ಲಿ ನಿಂತು ಬೀಡಿ ಹಚ್ಚಿದ:
"ಬಂಗುಡೆ ಹೀಗೆ ಹೋಗೋದಿಲ್ಲ ಮಾರಾಯ್ತಿ,
ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಕಾಣ್ತದೆ."
ಎರಡನೇ ಸಾಲನ್ನು ಅರ್ಧ ಮೀನು ಸರಿಸಿ ಹಿಡಿದೆ,
ಎರಡರ ಸಂದಿಗೆ ಒಂದರ ಬೆನ್ನು.
ಬೀಡಿ ಮುಗಿಯುವವರೆಗೂ ಅವ ಮತ್ತೆ ಮಾತಾಡಲಿಲ್ಲ.

ಆದರೆ ಬಾಲ.
ಬಾಲದ ಒಂದು ಅಂಚು ಪ್ರತಿ ಸಲವೂ ಮಸುಕು.
ಬಣ್ಣ ಹೆಚ್ಚಿಸಿದೆ, ಗುದ್ದು ಹೆಚ್ಚಿಸಿದೆ,
ಸ್ಪಂಜಿಗೆ ಬೈದೆ.
ಇಪ್ಪತ್ತನೆಯದಕ್ಕೋ ಇಪ್ಪತ್ತೊಂದಕ್ಕೋ
ಚಪ್ಪಲಿಯನ್ನು ಕಣ್ಣ ಮಟ್ಟಕ್ಕೆ ಎತ್ತಿ ನೋಡಿದರೆ
ಹಿಮ್ಮಡಿ ಸವೆದಿದೆ, ಹೊರಗಿನ ಬದಿ, ಓರೆಯಾಗಿ.

ಯಾರೋ ಎಡಗಾಲು ವಾಲಿಸಿಕೊಂಡು
ಬಹಳ ದೂರ ನಡೆದಿದ್ದಾರೆ.
ಕದ್ರಾ ಕಡೆಯವರೋ, ಇಲ್ಲೇ ಮೀನು ಬುಟ್ಟಿ ಹೊತ್ತವರೋ,
ಹೆಂಗಸೋ ಗಂಡಸೋ.
ರಟ್ಟು ಅಂಟಿಸಿ ಮಟ್ಟ ಮಾಡಬಹುದಿತ್ತು.
ರಟ್ಟು ಕೈಯಲ್ಲೇ ಇತ್ತು.
ನೂರಾ ಮೂವತ್ತೆರಡು ಮೀನು ಒತ್ತಿದೆ,
ಒಂದೊಂದಕ್ಕೂ ಅದೇ ಕುಂಟು.

ಒಂದು ಬಿಟ್ಟು ಒಂದು ಸಾಲಿಗೆ ಅಂಚಿನಲ್ಲಿ
ಬಟ್ಟೆ ಮುಗಿಯಿತು, ಮೀನು ಮುಗಿಯಲಿಲ್ಲ.
ಮೊದಲ ಕಿಟಕಿಗೆ ಬಾಲ, ಎರಡನೆಯದಕ್ಕೆ ತಲೆ,
ನಡುವೆ ಗೋಡೆ, ಗೋಡೆ ಮೇಲೆ ಮಕ್ಕಳ ತೂಕದ ಪಟ್ಟಿ.
ಮೂಗು ಸೋರುವ ಒಂದು ಹುಡುಗಿ
ಈ ಪರದೆ ನೋಡಿದಳು, ಆ ಪರದೆ ನೋಡಿದಳು,
ಉಪ್ಪಿಟ್ಟಿನ ತಟ್ಟೆ ನೆಲಕ್ಕಿಟ್ಟು
ತೂಕದ ಪಟ್ಟಿಯ ಕೆಳಗೆ
ಗೋಡೆಗೆ ಕಿವಿ ಹಚ್ಚಿ ನಿಂತಳು.